ನಿದ್ದೆಯಲ್ಲಿ ಕಲಿತ ಪಂಚಾರಿ

ನನ್ನ ಗಂಡ ಸಹದೇವನ್ ಚೆಂಡೆ ವಿದ್ವಾಂಸರಾದದ್ದು ಮೀನ ಮಾಸದ ಒಂದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಗಾಢ ನಿದ್ದೆಯಲ್ಲಿ. ಇಷ್ಟು ಕಡಿಮೆ ಶ್ರಮದಲ್ಲಿ ವಿದ್ವಾಂಸರಾದವರು ತೃಶ್ಶೂರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಆ ಹೊತ್ತಿಗೆ ಅವರು ಮೀನುಸಾರು ಅನ್ನ ಉಂಡು, ಫ್ಯಾನಿನ ಕೆಳಗೆ ಚಾಪೆ ಹಾಸಿ, ಬಾಯಿ ತೆರೆದುಕೊಂಡು ಮಲಗಿದ್ದರು. ನಾನು ಹಿತ್ತಲಿನ ಹಲಸಿನ ಮರದಡಿ ಕೂತು ಎರಡು ಹುಣಸೆ ಕೋಲುಗಳಿಂದ ಒಂದು ಕರಿಕಲ್ಲಿನ ಮೇಲೆ ಪಂಚಾರಿ ಎಂಬ ಚೆಂಡೆ ಮೇಳದ ತಾಳ ಬಡಿಯುತ್ತಿದ್ದೆ. ನಮ್ಮ ಕಡೆ ಚೆಂಡೆ ಕಲಿಯಲು ಹೋದವರಿಗೆ ಮೊದಲೇ ಚೆಂಡೆ ಕೊಡುವುದಿಲ್ಲ, ಕಲ್ಲು ಕೊಡುತ್ತಾರೆ. ಕಲ್ಲಿನ ಮೇಲೆ ಕೈ ಪಳಗಿದವರಿಗೆ ಚರ್ಮದ ಮೇಲೆ ಭಯವಿಲ್ಲ ಎಂಬುದು ನಮ್ಮ ನೀಲಕಂಠನ್ ಆಶಾನರ ಮಾತು. ಆಶಾನ್ ಎಂದರೆ ಗುರು. ಪಕ್ಕದೂರಿನ ಮುಚ್ಚಿಹೋದ ಅಕ್ಕಿ ಗಿರಣಿಯ ಜಗುಲಿಯಲ್ಲಿ ಅವರ ಪಾಠ. ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಅಲ್ಲಿಗೆ ಸೇರಿಕೊಂಡಾಗ ಮನೆಯಲ್ಲಿ ನಡೆದ ಚರ್ಚೆ ಇಷ್ಟು:

"ಅಡುಗೆ?" ಎಂದು ಕೇಳಿದರು ಸಹದೇವನ್.

"ಆಗಿರುತ್ತೆ."

"ಹಾಗಾದ್ರೆ ಸರಿ."

ಊರಿನವರಿಗೆ ಹೇಳಿರಲಿಲ್ಲ. ವಾರಕ್ಕೆ ಮೂರು ಬೆಳಗ್ಗೆ ನಾನು ಬಸ್ಸು ಹತ್ತುವುದನ್ನು ಕಂಡವರು ಮಂಡಿನೋವಿನ ಚಿಕಿತ್ಸೆಗೆ ಎಂದುಕೊಂಡಿದ್ದರು. ನಾನೂ ಆಗಾಗ ಒಂದಿಷ್ಟು ಕುಂಟಿ ಸಹಕರಿಸುತ್ತಿದ್ದೆ. ನನ್ನದೊಂದು ಹಟವಿತ್ತು. ಜನ ನನ್ನನ್ನು ನೋಡಿ ಆಮೇಲೆ ಕೇಳುವುದು ಬೇಡ. ಮೊದಲು ಕೇಳಲಿ, ಆಮೇಲೆ ಬೇಕಾದರೆ ನೋಡಲಿ.

ಎರಡು ವರ್ಷ ಕಲ್ಲು ಬಡಿದ ಮೇಲೆ ಆಶಾನ್ ನನ್ನ ಹೆಗಲಿಗೆ ಚೆಂಡೆ ಹಾಕಿದರು. ಈ ಬೇಸಗೆಯಲ್ಲಿ ಹಬ್ಬಗಳ ಓಡಾಟಕ್ಕೆ ಹೊರಡುವ ಮುನ್ನ ಕರೆದು ಹೇಳಿದರು. "ವಿಲಾಸಿನೀ, ಬರೋ ಮೇಡ ಮಾಸದಲ್ಲಿ ಚೆಂಬ್ರಕ್ಕಾಡಿನ ಗದ್ದೇಲಿ ನಂದೊಂದು ಚೆಂಡೆ ಮೇಳ ಇದೆ. ಅಲ್ಲಿ ನಿನ್ನ ಅರಂಗೇಟ್ರಂ, ಜನರೆದುರು ಮೊದಲ ಸಲ. ಮುಂದಿನ ಸಾಲು, ನನ್ನ ಎಡಗಡೆ. ನನಗೆ ಎಪ್ಪತ್ತೊಂಬತ್ತು. ಮುಂದಿನ ವರ್ಷ ನಾನು ಕುರ್ಚೀಲಿ ಕೂತು ಕೇಳೋನು, ನಿಂತು ಬಾರಿಸೋನಲ್ಲ. ಈ ಸಲ ತಪ್ಪಿದ್ರೆ ನನ್ನ ಪಕ್ಕ ನಿಲ್ಲೋಕೆ ನಿನಗೆ ಇನ್ನೊಂದು ಸಲ ಸಿಗಲ್ಲ."

ಚೆಂಬ್ರಕ್ಕಾಡು ನನ್ನದೇ ಊರು. ಆ ದಿನ ಬಸ್ಸಿನಲ್ಲಿ ನಾನು ಇಳಿಯಬೇಕಾದ ಸ್ಟಾಪನ್ನು ದಾಟಿ ಎರಡು ಸ್ಟಾಪು ಮುಂದೆ ಹೋಗಿಬಿಟ್ಟೆ. ಆಶಾನ್ ಊರೂರಿಗೆ ಹೊರಟ ಮೇಲೆ ಚೆಂಡೆಯನ್ನು ಮನೆಯ ಅಟ್ಟದಲ್ಲಿಟ್ಟು, ಊರಿಗೆ ಗೊತ್ತಾಗದ ಹಾಗೆ ಮಧ್ಯಾಹ್ನದ ಹೊತ್ತು ಹಿತ್ತಲಲ್ಲಿ ಕಲ್ಲನ್ನೇ ಬಡಿಯತೊಡಗಿದೆ.

ಇನ್ನು ಸಹದೇವನ್. ವಿಲೇಜ್ ಆಫೀಸಿನ ಗುಮಾಸ್ತರಾಗಿ ನಿವೃತ್ತರಾದ ಇವರಿಗೆ ಬೇಸಗೆ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲದು. ಸೈಕಲ್ಲು ಮುಟ್ಟುವಷ್ಟು ದೂರದಲ್ಲಿ ಎಲ್ಲಿ ಮೇಳ ನಡೆದರೂ ಹೋಗಿ, ಮುಂದೆ ನುಗ್ಗಿ, ತಾಳಕ್ಕೆ ಸರಿಯಾಗಿ ಗಾಳಿಯಲ್ಲಿ ಕೈಯೆಸೆಯುವ ಪಂಗಡಕ್ಕೆ ಸೇರಿದವರು. ಬಾರಿಸುವವರು ನೂರು ಜನವಾದರೆ ಹೀಗೆ ಕೈಯೆಸೆಯುವವರು ಸಾವಿರ ಜನ. ಆ ಸಾವಿರದಲ್ಲಿ ಒಬ್ಬರಾಗಿ ಇವರು ಪರಮ ಸುಖಿಯಾಗಿದ್ದರು. ಹಾಗೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೇಲಿಯಾಚೆಯ ಮನೆ ಪೊರಿಂಜು ಚೇಟ್ಟನದು. ಚೇಟ್ಟನ್ ಎಂದರೆ ಅಣ್ಣ; ಅದನ್ನೇ ಮೊಟಕು ಮಾಡಿ 'ಏಟ್ಟಾ' ಎಂದು ನಾವು ಗಂಡನನ್ನೂ ಕರೆಯುತ್ತೇವೆ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈ ಸ್ಟಾಪಿನಲ್ಲಿ ಅವರು ಕೂಗಿದರೆ ಮುಂದಿನ ಸ್ಟಾಪಿನಲ್ಲಿ ಜನ ಚಿಲ್ಲರೆ ತೆಗೆದು ನಿಲ್ಲುತ್ತಿದ್ದರಂತೆ. ಒಂದು ಸಂಜೆ ಅವರು ಬೇಲಿಯ ಹತ್ತಿರ ಸಹದೇವನ್ ಅವರನ್ನು ತಡೆದರು. ಈಚೆ ನಾನು ಬಟ್ಟೆ ಹರವುತ್ತಿದ್ದೆ.

"ಲೋ ಸಹದೇವಾ, ದಿನಾ ಎರಡು ಗಂಟೆಗೆ ನಿನ್ನ ಹಿತ್ತಿಲಲ್ಲಿ ಅದೇನೋ ಟಕ ಟಕ? ಮಂಚ ಮಾಡಿಸ್ತಿದೀಯಾ?"

"ಮಂಚ ಅಲ್ಲ ಪೊರಿಂಜು ಚೇಟ್ಟಾ. ಪಂಚಾರಿ."

"ಪಂಚಾರಿ! ಯಾರಪ್ಪಾ ಬಾರಿಸೋದು?"

ನಾನು ಕೈಯಲ್ಲಿದ್ದ ಒದ್ದೆ ಮುಂಡನ್ನು, ಅಂದರೆ ಇವರ ಪಂಚೆಯನ್ನು, ಹಾಗೇ ಹಿಡಿದು ನಿಂತೆ. ಸಹದೇವನ್ ಕತ್ತು ಕೆರೆದುಕೊಂಡರು. ಆಕಾಶ ನೋಡಿದರು. ಆಮೇಲೆ ಹೇಳಿದರು: "ಏನೋ... ವಯಸ್ಸಾದ ಮೇಲೆ ಕೈ ಜಡ ಆಗಬಾರದಲ್ಲ."

ಸುಳ್ಳು ಹೇಳಲಿಲ್ಲ, ಗಮನಿಸಿ. ಮೂವತ್ತೊಂದು ವರ್ಷ ಸರ್ಕಾರಿ ಕೆಲಸ ಮಾಡಿದವರಿಗೆ, ಕಡತಕ್ಕೆ ಸೇರಿಸಲಾಗದ ಉತ್ತರ ಕೊಡುವ ವಿದ್ಯೆ ತಾನಾಗಿ ಬರುತ್ತದೆ. ಆದರೆ ಪೊರಿಂಜು ಚೇಟ್ಟನಿಗೆ ಅಷ್ಟೇ ಸಾಕಾಯಿತು. ಸಂಜೆಯ ಚಹಾ ಮುಗಿಯುವಷ್ಟರಲ್ಲಿ ಚೆಂಬ್ರಕ್ಕಾಡಿಗೆ ಒಬ್ಬ ಗುಪ್ತ ಕಲಾವಿದ ಸಿಕ್ಕಿದ್ದ.

"ಅಲ್ಲಾ ಏಟ್ಟಾ, ಬಾರಿಸೋದು ನಾನು ಅಂತ ಹೇಳೋಕೆ ಏನಾಗಿತ್ತು?" ಎಂದು ಅಂದು ಕೇಳಿದೆ.

"ನಾನೆಲ್ಲಿ ನಾನೇ ಅಂದೆ? ಅವರೇ ಅಂದುಕೊಂಡ್ರು. ಜನ ಅಂದುಕೊಳ್ಳೋದನ್ನ ನಾನು ತಡೆಯಕ್ಕಾಗುತ್ತಾ?"

ಮರುದಿನ ಎರಡು ಗಂಟೆಗೆ ನಾನು ಕೋಲು ಹಿಡಿದಾಗ ಗೋಡೆಯಾಚೆ ಕುರ್ಚಿ ಎಳೆಯುವ ಸದ್ದು ಕೇಳಿತು. ಗೋಡೆಯ ಬಿರುಕಲ್ಲಿ ಇಣುಕಿದೆ. ಪೊರಿಂಜು ಚೇಟ್ಟನ ಗೇರುಮರದ ನೆರಳಲ್ಲಿ ಆರೇಳು ಜನ ಮಜ್ಜಿಗೆ ಲೋಟ ಹಿಡಿದು ಕೂತಿದ್ದರು. ಮನೆಯ ಮುಂದೆ ಬರಿ ಬೇಲಿಯಾದರೂ ನಮ್ಮ ಹಿತ್ತಲ ಗೋಡೆ ಆಳೆತ್ತರದ್ದು. ಅವರಿಗೆ ನಾನು ಕಾಣುತ್ತಿರಲಿಲ್ಲ. ಎದ್ದು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ, ಬಾರಿಸಿದೆ. ಕಾಲ ಬದಲಾಯಿಸಿ ವೇಗ ಹೆಚ್ಚಿಸಿದ ಕಡೆ ಗೋಡೆಯಾಚೆಯಿಂದ ಯಾರೋ "ಹೋ!" ಎಂದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನನ್ನ ಸಾಂಬಾರಿಗೂ ಯಾರೂ ಹಾಗೆ "ಹೋ" ಎಂದಿರಲಿಲ್ಲ. ತೋಳೆಲ್ಲ ಜುಮ್ಮೆಂದಿತು. ಅಂದು ಒಂದು ಗಂಟೆಯ ಬದಲು ಎರಡು ಗಂಟೆ ಬಾರಿಸಿದೆ.

ಮುಗಿದ ಮೇಲೆ ಅವರೆಲ್ಲ ಮುಂಬಾಗಿಲಿಗೆ ಬಂದು "ಸಹದೇವೇಟ್ಟಾ! ಭೇಷ್!" ಎಂದು ಕೂಗಿದರು. ನಿದ್ದೆಯಿಂದ ಎಚ್ಚೆತ್ತ ವಿದ್ವಾಂಸರು ಕೆದರಿದ ಕೂದಲಲ್ಲಿ, ಕೆಂಪು ಕಣ್ಣಲ್ಲಿ, ಕರೆಂಟು ಹೋಗಿ ಫ್ಯಾನು ನಿಂತಿದ್ದರಿಂದ ಬೆವರಿ ತೊಪ್ಪೆಯಾಗಿ ಬಾಗಿಲಿಗೆ ಬಂದರು.

"ನೋಡ್ರೋ, ನೋಡ್ರೋ, ಹೆಂಗೆ ಬೆವರಿದಾನೆ! ಸಾಧನೆ ಅಂದ್ರೆ ಇದು!" ಎಂದರು ಪೊರಿಂಜು ಚೇಟ್ಟನ್.

"ಕಣ್ಣು ನೋಡಿ, ಇನ್ನೂ ಈ ಲೋಕಕ್ಕೆ ಬಂದೇ ಇಲ್ಲ," ಎಂದರು ಇನ್ನೊಬ್ಬರು. ಅದು ನಿಜವೇ ಆಗಿತ್ತು.

ದಿನದಿನಕ್ಕೆ ಕುರ್ಚಿಗಳು ಹೆಚ್ಚಿದವು. ಎರಡು ಗಂಟೆಯ ಉರಿಬಿಸಿಲಲ್ಲಿ ಮನೆಯೊಳಗೆ ಮಲಗಿರಬೇಕಾದ ಊರು ಗೇರುಮರದಡಿ ಬಂದು ಕೂತಿತು. ಕತ್ತರಿಸಿದ ಮಾವಿನಕಾಯಿ, ಉಪ್ಪು ಖಾರ, ಮಜ್ಜಿಗೆ, ಮಧ್ಯೆ ಮಧ್ಯೆ "ಹೋ!" ಪೊರಿಂಜು ಚೇಟ್ಟನ ಹೆಂಡತಿ, ಊರಿಗೆಲ್ಲ ಅಕ್ಕನಾದ ರೋಸಿಲಿ ಚೇಚಿ, ಮಣಿಕಟ್ಟಿಗೆ ಹಚ್ಚುವ ಕೊಟ್ಟಂಚುಕ್ಕಾದಿ ತೈಲದ ಸೀಸೆ ತಂದುಕೊಟ್ಟರು. "ಕಲಾವಿದರ ಕೈ, ವಿಲಾಸಿನೀ. ನೀನು ಅವರ ಕೈಲಿ ತೆಂಗಿನಕಾಯಿ ಗಿಂಗಿನಕಾಯಿ ತುರಿಸಬೇಡ ಮತ್ತೆ."

"ಚೇಚೀ, ಬಾರಿಸೋದು ಅವರಲ್ಲ. ನಾನು," ಎಂದೆ.

ರೋಸಿಲಿ ಚೇಚಿ ಸೀಸೆಯ ತೈಲ ಚೆಲ್ಲುವಷ್ಟು ನಕ್ಕರು. "ಅಯ್ಯೋ ನನ್ನ ಚಿನ್ನಾ! ಗಂಡನಿಗೆ ಹೆಸರು ಬಂದ್ರೆ ಹೆಂಡತಿಗೂ ಆಸೆ ಆಗುತ್ತಪ್ಪಾ, ತಪ್ಪೇನಿಲ್ಲ. ಮಂಡಿನೋವು ಹೇಗಿದೆ ಈಗ?"

ಹೀಗೆ ನನ್ನ ಸುಳ್ಳು ನನ್ನ ಸತ್ಯವನ್ನು ತಿಂದುಹಾಕಿತು.

ವಿಷು ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ನಮ್ಮೂರ ವಾಚನಾಲಯದ ಕಾರ್ಯದರ್ಶಿ ಭರತನ್ ಮಾಷ್ ಬಂದರು. ಮೇಷ್ಟರಾಗಿದ್ದವರು; ಕೂತರೂ ನಿಂತು ಪಾಠ ಮಾಡಿದ ಹಾಗೆ ಮಾತಾಡುವವರು. ವಾಚನಾಲಯದ ಐವತ್ತನೆಯ ವರ್ಷ. ಕೊಯ್ಲಾದ ಗದ್ದೆಯಲ್ಲಿ, ಬಯಲಲ್ಲಿ, ಸಂಜೆ ನಾಲ್ಕರಿಂದ ಮೇಳ. ನೀಲಕಂಠನ್ ಆಶಾನರ ಮುಂದಾಳತ್ವ, ಐವತ್ತೊಂದು ಮಂದಿ ಕಲಾವಿದರು.

"ಸಹದೇವಾ, ನಾನು ಆಶಾನರನ್ನ ಹಿಡಿದೇ ಬಿಟ್ಟೆ. ನಿನ್ನೆ ಬೆಳಗ್ಗೆ ಒಂದು ಮೇಳ ಮುಗಿಸಿ ಇನ್ನೊಂದು ಮೇಳಕ್ಕೆ ಕಾರು ಹತ್ತುತಿದ್ರು. 'ಆಶಾನೇ, ನಮ್ಮೂರಲ್ಲಿ ಸಹದೇವನ್ ಮನೇಲಿ ಬಾರಿಸ್ತಾರಲ್ಲ, ಅವರನ್ನ ಮುಂದಿನ ಸಾಲಿಗೆ ಸೇರಿಸಬಹುದಾ?' ಅಂದೆ. ಏನಂದ್ರು ಗೊತ್ತಾ? 'ಆ ಮನೆಗೆ ನನ್ನ ಎಡಗಡೆ ಜಾಗ ಆಗಲೇ ಕೊಟ್ಟಿದೀನಿ' ಅಂದ್ರು! ಎಡಗಡೆ! ನೀನು ನಮಗೆ ಒಂದು ಮಾತು ಹೇಳಲಿಲ್ಲವಲ್ಲೋ!"

ಸಹದೇವನ್ ಕೈಯಲ್ಲಿದ್ದ ಕಟ್ಟನ್ ಚಾಯ ಮಡಿಲಿಗೆ ಬಿತ್ತು. ಬಿಸಿ ಚಹಾ ಬಿದ್ದರೂ ಅವರು ಕದಲಲಿಲ್ಲ.

"ನೋಡಿ, ಆ ಸ್ಥೈರ್ಯ ನೋಡಿ," ಎಂದರು ಮಾಷ್ ನನ್ನ ಕಡೆ ತಿರುಗಿ. "ವಿಲಾಸಿನಿ, ನೀನು ಉಳಿದ ಹೆಂಗಸರ ಜೊತೆ ದೀಪದ ತಟ್ಟೆ ಹಿಡಿದು ಸ್ವಾಗತಕ್ಕೆ ನಿಲ್ಲು."

ಮಾಷ್ ಗೇಟು ದಾಟಿದ ಮೇಲೆ ನಾನು ಹೇಳಿದೆ. "ಏಟ್ಟಾ, ಅದು ನನ್ನ ಜಾಗ."

"ಗೊತ್ತು."

"ಎರಡು ವರ್ಷ ಕಲ್ಲು ಬಡಿದಿದೀನಿ ಅದಕ್ಕೆ."

"ಗೊತ್ತು ವಿಲಾಸಿನೀ. ನಾಳೆ ಬೆಳಗ್ಗೆ ಮಾಷ್ ಮನೆಗೆ ಹೋಗಿ ಎಲ್ಲಾ ಹೇಳಿಬಿಡ್ತೀನಿ."

ಹೋಗುತ್ತಿದ್ದರು ಎಂದೇ ನನ್ನ ನಂಬಿಕೆ. ಆದರೆ ಬೆಳಗಾಗುವುದರೊಳಗೆ ಕೂಡುರಸ್ತೆಯಲ್ಲಿ ಫ್ಲೆಕ್ಸ್ ಎದ್ದಿತ್ತು. ನಮ್ಮೂರಲ್ಲಿ ಮನುಷ್ಯ ಹೇಳಿದ್ದನ್ನು ಅಲ್ಲಗಳೆಯಬಹುದು, ಫ್ಲೆಕ್ಸಿನಲ್ಲಿ ಬಂದದ್ದನ್ನು ಅಲ್ಲಗಳೆದವರಿಲ್ಲ. ಹನ್ನೆರಡಡಿ ಎತ್ತರದ ಸಹದೇವನ್! 'ಚೆಂಬ್ರಕ್ಕಾಡಿನ ಸ್ವಂತ ನಾದ' ಎಂದು ಕೆಳಗೆ ಬರಹ. ತಲೆ ನಿವೃತ್ತಿ ಸಮಾರಂಭದ ಫೋಟೋದಿಂದ ತೆಗೆದದ್ದು. ಕತ್ತಿನಿಂದ ಕೆಳಗೆ ಯಾವುದೋ ಪುಣ್ಯಾತ್ಮನ ಬರಿಮೈ, ಹೆಗಲಿಂದ ಇಳಿದ ಚೆಂಡೆ. ಅಂಥ ಎದೆಯನ್ನು ನಾನು ನಮ್ಮ ಮನೆಯಲ್ಲಿ ಯಾವತ್ತೂ ಕಂಡದ್ದಿಲ್ಲ.

ಸಹದೇವನ್ ಅದರ ಮುಂದೆ ಹತ್ತು ನಿಮಿಷ ನಿಂತು, ಮಾಷ್ ಮನೆಗೆ ಹೋಗದೆ ವಾಪಸು ಬಂದರು.

"ವಿಲಾಸಿನೀ, ಮೂರು ವಾರ ಇದೆ. ನನಗೆ ಕಲಿಸು."

"ಮೂರು ವಾರದಲ್ಲಿ ಪಂಚಾರಿಯಾ?"

"ನಾನೇನು ಹೊಸಬನಾ? ಮೂವತ್ತು ವರ್ಷದಿಂದ ಕೇಳಿದೀನಿ. ಒಳಗೆ ಎಲ್ಲಾ ಇದೆ. ಹೊರಗೆ ಬರಬೇಕಷ್ಟೇ."

ಕಲ್ಲಿನ ಮುಂದೆ ಕೂರಿಸಿದೆ. ಮೊದಲ ಪಾಠ ತಕ್ಕಿಟ್ಟ. ಮೂರೇ ಪೆಟ್ಟು. ಮೊದಲನೆಯದು ಕಲ್ಲಿಗೆ ಬಿತ್ತು, ಎರಡನೆಯದು ಹೆಬ್ಬೆರಳಿಗೆ, ಮೂರನೆಯ ಪೆಟ್ಟಿಗೆ ಕೋಲು ಕೈಯಿಂದ ಹಾರಿ ಹಲಸಿನ ಮರದಲ್ಲಿದ್ದ ಕಾಗೆಯನ್ನು ಎಬ್ಬಿಸಿತು. ಗೋಡೆಯಾಚೆಯಿಂದ ಪೊರಿಂಜು ಚೇಟ್ಟನ ಪಿಸುಮಾತು, ಅಂದರೆ ಅರ್ಧ ಊರಿಗೆ ಕೇಳುವ ಮಾತು: "ಇವತ್ತು ಏನೋ ಹೊಸಾ ಪ್ರಯೋಗ ನಡೀತಿದೆ. ನಮಗೆ ಅರ್ಥ ಆಗುವಂಥದ್ದಲ್ಲ. ಸುಮ್ನೆ ಕೇಳಿ."

ನಾಲ್ಕು ದಿನ ಪ್ರಯೋಗ ನಡೆಯಿತು. ಒಳಗಿದ್ದದ್ದು ಯಾವುದೂ ಹೊರಗೆ ಬರಲಿಲ್ಲ. ಐದನೆಯ ದಿನ ಅವರು ಬಲಗೈಗೆ ಬೆರಳಿಂದ ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ಇದೇನು?"

"ಕೈ ಉಳುಕಿದೆ."

"ಎಲ್ಲಿ?"

"ಅದನ್ನ ಇನ್ನೂ ತೀರ್ಮಾನ ಮಾಡಿಲ್ಲ."

ಕೈ ಉಳುಕಿದರೆ ಮೇಳದಿಂದ ಬಿಡುತ್ತಾರೆ, ಆಗ ಜಾಗ ತಾನಾಗಿ ನನಗೆ ಬರುತ್ತದೆ, ಯಾರ ಮಾನವೂ ಹೋಗುವುದಿಲ್ಲ. ಇದು ಅವರ ಯೋಜನೆ. ಆದರೆ ನಮ್ಮೂರಲ್ಲಿ ಒಬ್ಬನ ಕೈ ಉಳುಕಿದರೆ ಅದು ಅವನೊಬ್ಬನ ಕೈಯಾಗಿ ಉಳಿಯುವುದಿಲ್ಲ. ಭರತನ್ ಮಾಷ್ ತುರ್ತು ಸಭೆ ಕರೆದರು. ಹಳೆಯ ಕಳರಿ ಗರಡಿಯಲ್ಲಿ ಉಳುಕು ತೆಗೆಯುವ ಗುರುಕ್ಕಳ್ ಬಂದು ಇವರ ಕೈಯನ್ನು ತಿರುಪಿ, ಎಳೆದು, ಇಲ್ಲದ ಉಳುಕನ್ನು ತೆಗೆದರು. ಅದರಲ್ಲಿ ಭುಜ ಎರಡು ದಿನ ನಿಜವಾಗಿಯೇ ಉಳುಕಿತು. ರೋಸಿಲಿ ಚೇಚಿ ಇನ್ನೆರಡು ಸೀಸೆ ತೈಲ ತಂದರು, ಚರ್ಚಿನಲ್ಲಿ ಮೇಣದಬತ್ತಿಯನ್ನೂ ಹಚ್ಚಿ ಬಂದರು. "ಕೈ ಗುಣ ಆಗದಿದ್ರೂ ಸಹದೇವನ್ ಸಾಲಲ್ಲಿ ನಿಂತರೆ ಸಾಕು. ಆ ಜಾಗ ಬೇರೆಯವರಿಗೆ ಕೊಡಲ್ಲ," ಎಂದು ಮಾಷ್ ಸಾರಿದರು. ಯೋಜನೆ ಮುಳುಗಿತು.

ಅಷ್ಟು ಸಾಲದೆಂಬಂತೆ ಒಟ್ಟಪ್ಪಾಲದಿಂದ ಇವರ ಅಕ್ಕ ಕಮಲಾಕ್ಷಿ ಚೇಚಿ ಪೆಟ್ಟಿಗೆ ಸಮೇತ ಇಳಿದರು. ಅರವತ್ತಮೂರು ವಯಸ್ಸು, ತಮ್ಮನ ಮೇಲೆ ಪ್ರಾಣ, ನನ್ನ ಮೇಲೆ ಪ್ರಾಣ ಬಿಟ್ಟು ಉಳಿದ ಎಲ್ಲವೂ.

"ನನ್ನ ಕುಟ್ಟ ಚಿಕ್ಕೋನಿದ್ದಾಗಲೇ ಊಟದ ತಟ್ಟೆ ಬಡೀತಿದ್ದ. ಅಮ್ಮ ಅವಾಗಲೇ ಹೇಳಿದ್ರು," ಎಂದು ತಮ್ಮನ ತಲೆ ಸವರಿದರು. ನನ್ನ ಕಡೆ ತಿರುಗಿ, "ಏನೇ, ಹಿತ್ತಿಲಲ್ಲಿ ಅದೇನು ಟಕ ಟಕ ಶುರು ಮಾಡಿದೀಯಾ? ಕಲಾವಿದ ಮಲಗಿದಾನೆ ಒಳಗೆ. ಸದ್ದು ಮಾಡಬೇಡ!"

ಅಂದಿನಿಂದ ಬಾಗಿಲಲ್ಲಿ ಕಮಲಾಕ್ಷಿ ಚೇಚಿಯ ಕಾವಲು. ನನ್ನ ಕೋಲಿಗೆ ಬಿಡುವು. ಗೋಡೆಯಾಚೆಯ ಕುರ್ಚಿಗಳು ಖಾಲಿ. ಅಕ್ಕಿ ಆರಿಸುವಾಗ, ಬಟ್ಟೆ ಕುಕ್ಕುವಾಗ ನನ್ನ ಬೆರಳುಗಳು ತಮ್ಮಷ್ಟಕ್ಕೆ ಪಂಚಾರಿ ಎಣಿಸುತ್ತಿದ್ದವು. ಆಶಾನರಿಗೆ ಫೋನ್ ಮಾಡೋಣವೆಂದರೆ ಅವರ ಹತ್ತಿರ ಫೋನಿಲ್ಲ. ಈ ತಿಂಗಳಲ್ಲಿ ಅವರು ಯಾವ ಬಯಲಲ್ಲಿ ನಿಂತು ಬಾರಿಸುತ್ತಿದ್ದಾರೆಂದು ಅವರ ಮನೆಯವರಿಗೂ ತಿಳಿಯದು.

ಮೇಳದ ದಿನ ಬೆಳಗ್ಗೆ ಸಹದೇವನ್ ಅವರನ್ನು ಬಾವಿಕಟ್ಟೆಗೆ ಕರೆದು ಹೇಳಿದೆ. "ಕೇಳಿ. ನಾಲ್ಕು ಗಂಟೆಗೆ ನಾನು ಚೆಂಡೆ ತಗೊಂಡು ಗದ್ದೆಗೆ ಇಳೀತೀನಿ. ದೀಪದ ತಟ್ಟೆ ಹಿಡಿಯೋಕಲ್ಲ. ಅಷ್ಟರೊಳಗೆ ನೀವು ಏನು ಹೇಳ್ಕೋತೀರೋ ಹೇಳ್ಕೊಳ್ಳಿ."

"ಏನಂತ ಹೇಳಲಿ?"

"ನಿಜ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಇದೆಯಾ?" ಎಂದು ಕೇಳಿದರು ಪಾಪ, ತುಂಬ ಪ್ರಾಮಾಣಿಕವಾಗಿ.

ನಾಲ್ಕು ಗಂಟೆಗೆ ಗದ್ದೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಕೊಯ್ದ ಪೈರಿನ ಕೂಳೆ ಬರಿಗಾಲಿಗೆ ಚುಚ್ಚುತ್ತಿತ್ತು. ಆದರೂ ಒಬ್ಬರ ಮುಖದಲ್ಲೂ ಅದರ ಚಿಂತೆಯಿಲ್ಲ. ಕಲ್ಲಂಗಡಿ ಗಾಡಿ, ಪರಿಪ್ಪುವಡೆಯ ಬಾಣಲೆ, ಬದುವಿನ ಮೇಲೆ ಕೊಡೆ ಹಿಡಿದ ಅಜ್ಜಿಯರು, ಅಪ್ಪಂದಿರ ಹೆಗಲೇರಿದ ಮಕ್ಕಳು. ತೃಶ್ಶೂರಿಗೆ ಹೋಗುವ ಬಸ್ಸಿನವನು ರಸ್ತೆಯಲ್ಲಿ ಬಸ್ಸು ನಿಲ್ಲಿಸಿ, "ಐದು ನಿಮಿಷ ನೋಡ್ಕೊಂಡು ಹೋಗೋಣ," ಎಂದು ಇಳಿದಿದ್ದ. ಅವನ ಹಿಂದೆ ಇಡೀ ಬಸ್ಸು ಇಳಿದು ಬಂದಿತ್ತು.

ನಾನು ಎರಡು ತುಂಡಿನ ಬಿಳಿ ಸೆಟ್ಟುಮುಂಡುಟ್ಟು, ಸೊಂಟಕ್ಕೆ ವಸ್ತ್ರ ಬಿಗಿದು, ಚೆಂಡೆ ಹೊತ್ತು ಬದು ಇಳಿದಾಗ ಜನ ದಾರಿ ಬಿಟ್ಟರು. "ಸಹದೇವೇಟ್ಟನ ಚೆಂಡೆ ಬಂತು, ದಾರಿ ಬಿಡ್ರೋ!" ಎಂದರು ಯಾರೋ. ಗಂಡನ ಚೆಂಡೆ ಹೊತ್ತು ತಂದ ಆ ಸತಿಗೆ ಅಜ್ಜಿಯೊಬ್ಬರು ಕೈ ಮುಗಿದರು.

ಮೈಕು ಹಿಡಿದ ಭರತನ್ ಮಾಷ್ ಆಗಲೇ ಶುರುಮಾಡಿದ್ದರು. "ಉಳುಕಿದ ಕೈಯನ್ನೂ ಲೆಕ್ಕಿಸದೆ, ಈ ಮಣ್ಣಿನ ಮಗ..."

ಸಹದೇವನ್ ಮುಂದೆ ಬಂದರು. ಜರಿಯಂಚಿನ ಮುಂಡು, ಬಿಳಿ ಬಟ್ಟೆ ಸುತ್ತಿದ ಕೈ. ಆಶಾನ್ ಅವರನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವರನ್ನು "ಇದ್ಯಾರು?" ಎಂದು ಕೇಳಿದ್ದು ನನಗೊಬ್ಬಳಿಗೆ ಕೇಳಿಸಿತು. ಮಾಷ್ ಮೈಕನ್ನು ಸಹದೇವನ್ ಬಾಯಿಗೆ ಹಿಡಿದರು. ಇವರು ನನ್ನನ್ನು ನೋಡಿದರು, ಜನರನ್ನು ನೋಡಿದರು, ಕಡೆಗೆ ಹೇಳಿದರು:

"ನನ್ನ ಕೈ... ಆಗಲ್ಲ. ಅದಕ್ಕೆ ನನ್ನ ಬದಲು... ನನ್ನ ಶಿಷ್ಯೆ ಬಾರಿಸ್ತಾಳೆ. ನನ್ನ ಹೆಂಡತಿ."

ಗದ್ದೆ ಚಪ್ಪಾಳೆಯಲ್ಲಿ ಮುಳುಗಿತು. ಹೆಂಡತಿಗೆ ವಿದ್ಯೆ ಕಲಿಸಿದ ಗಂಡ! ಕಮಲಾಕ್ಷಿ ಚೇಚಿ ಸೆರಗಿನಿಂದ ಕಣ್ಣೊರಸಿಕೊಂಡರು. ಮಾಷ್ ಉತ್ಸಾಹದಲ್ಲಿ, "ಹಾಗಾದರೆ ಶಿಷ್ಯೆ ಮೊದಲು ಗುರುವಿಗೆ ದಕ್ಷಿಣೆ ಕೊಟ್ಟು ಕಾಲು ಮುಟ್ಟಲಿ!" ಎಂದರು.

ನನ್ನ ಕೈಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ರೂಪಾಯಿಯ ನಾಣ್ಯ ಇದ್ದವು. ಆಶಾನರಿಗೆಂದು ತಂದದ್ದು. ಆಶಾನ್ ನನ್ನಿಂದ ಆರು ಹೆಜ್ಜೆ ದೂರ. ಮಧ್ಯೆ ಸಹದೇವನ್. ಸಾವಿರಾರು ಕಣ್ಣುಗಳು. ಜಾಗ ಸಿಕ್ಕಿತ್ತು, ನಿಜ. ಆದರೆ ಎರಡು ವರ್ಷದ ಕಲ್ಲು, ಬೊಬ್ಬೆಯೆದ್ದ ಅಂಗೈ, ಎಲ್ಲವೂ ಈಗ ಇವರ ಹೆಸರಿಗೆ ಜಮೆಯಾಗುವುದರಲ್ಲಿತ್ತು. ನಾನು ನಡೆದೆ. ಒಂದು, ಎರಡು, ಮೂರು. ಇವರ ಮುಂದೆ ನಿಂತೆ. ಬಾಗಲಿಲ್ಲ. ಸುಮ್ಮನೆ ಮುಖ ನೋಡಿದೆ.

ನನ್ನ ಮುಖದಲ್ಲಿ ಏನು ಕಂಡರೋ. ಸಹದೇವನ್ ಥಟ್ಟನೆ ಮಾಷರ ಕೈಯಿಂದ ಮೈಕು ಕಿತ್ತುಕೊಂಡರು.

"ಸುಳ್ಳು! ಎಲ್ಲಾ ಸುಳ್ಳು! ನನಗೆ ಬಾರಿಸೋಕೇ ಬರಲ್ಲ! ತಕ್ಕಿಟ್ಟ ಕೂಡ ಬರಲ್ಲ! ಮಧ್ಯಾಹ್ನ ನೀವು ಕೇಳಿದ್ದೆಲ್ಲಾ ಇವಳು ಬಾರಿಸಿದ್ದು. ನಾನು ಒಳಗೆ ಮಲಗಿದ್ದೆ!"

ವಡೆಯವನು ಜಾಲರಿ ಹಿಡಿದ ಹಾಗೇ ಬಾಣಲೆಯಿಂದ ತಲೆಯೆತ್ತಿದ. ಆಮೇಲೆ ಭರತನ್ ಮಾಷ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: "ಎಂಥ ವಿನಯ!"

"ವಿನಯ ಅಲ್ಲ ಮಾಷೇ, ನಿಜ!"

"ದೊಡ್ಡೋರು ಯಾವಾಗಲೂ ಹಿಂಗೇ ಹೇಳೋದು," ಎಂದು ಪೊರಿಂಜು ಚೇಟ್ಟನ್ ಸುತ್ತಲಿನವರಿಗೆ ತಿಳಿಸಿ ಹೇಳಿದರು. "ಬರದೇ ಇದ್ದೋನು 'ಬರುತ್ತೆ' ಅಂತಾನೆ. ಬರೋನು 'ಬರಲ್ಲ' ಅಂತಾನೆ."

"ಅಯ್ಯೋ ದೇವರೇ! ನೋಡಿ ಇಲ್ಲಿ!" ಸಹದೇವನ್ ಕೈಗೆ ಸುತ್ತಿದ್ದ ಬಟ್ಟೆಯನ್ನು ಸರಸರನೆ ಬಿಚ್ಚಿ, ಕೈಯನ್ನು ಮೇಲೆತ್ತಿ ಗರಗರ ತಿರುಗಿಸಿದರು. "ಉಳುಕೂ ಇಲ್ಲ, ಎಂಥದೂ ಇಲ್ಲ!"

"ನನ್ನ ತೈಲ!" ಎಂದು ಬದುವಿನ ಮೇಲಿಂದ ರೋಸಿಲಿ ಚೇಚಿ ಚೀರಿದರು. "ನನ್ನ ತೈಲದಿಂದ ಗುಣ ಆಯ್ತು!"

ಜಯಘೋಷ ಮುಗಿಲಿಗೆ ಮುಟ್ಟಿತು. ನನ್ನ ಗಂಡ ಮೈಕು ಹಿಡಿದು ಅಳುವ ಹಾಗೆ ನಿಂತಿದ್ದರು. ಅರವತ್ತರ ಹತ್ತಿರ ಬಂದು, ಜೀವಮಾನದಲ್ಲಿ ಮೊದಲ ಸಲ ಬಯಲಲ್ಲಿ ನಿಂತು ನಿಜ ಹೇಳಿದ್ದಾರೆ, ಒಬ್ಬರೂ ನಂಬುತ್ತಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ನಗು ಬಂದುಬಿಟ್ಟಿತು. ನಾನು ಅವರನ್ನು ಬಳಸಿಕೊಂಡು ಮುಂದೆ ಹೋಗಿ, ದಕ್ಷಿಣೆಯನ್ನು ಆಶಾನರ ಕೈಯಲ್ಲಿಟ್ಟು ಕಾಲು ಮುಟ್ಟಿದೆ.

"ಸಂತೆ ಮುಗೀತಾ?" ಎಂದರು ಆಶಾನ್. "ಬಿಸಿಲು ಇಳೀತಿದೆ. ಬಾ, ನಿಲ್ಲು."

ಎಡಗಡೆ ನಿಂತೆ.

ಪಂಚಾರಿಗೆ ಐದು ಕಾಲ, ಒಂದಕ್ಕಿಂತ ಒಂದು ಚುರುಕು. ಮೊದಲನೆಯದು ಎಷ್ಟು ನಿಧಾನವೆಂದರೆ ಒಂದು ಸುತ್ತಿಗೆ ತೊಂಬತ್ತಾರು ಅಕ್ಷರ. ಜನ ಬೆರಳ ಗೆಣ್ಣಿನಲ್ಲಿ ಎಣಿಸುತ್ತ, ಕಣ್ಣು ಮುಚ್ಚಿ ತೂಗುತ್ತಾರೆ. ನಮ್ಮೆದುರು ಕುಳಲ್ ಊದುವವರು, ಅವರ ಹಿಂದೆ ಕೊಂಬಿನವರು, ನಮ್ಮ ಬೆನ್ನಿಗೆ ತಾಳದವರ ಸಾಲು. ಆಶಾನರ ಕೋಲು ಏಳುವುದನ್ನು ಓರೆಗಣ್ಣಲ್ಲಿ ನೋಡಿ ನನ್ನ ಕೋಲು ಎತ್ತಿದೆ. ಚರ್ಮ ಮಾತಾಡಿತು. ಮೊದಲ ಸುತ್ತಿನಲ್ಲಿ ನನಗೆ ಕೇಳಿಸಿದ್ದು ನನ್ನ ಎದೆಬಡಿತ. ಎರಡನೆಯ ಸುತ್ತಿಗೆ ಅದೂ ತಾಳಕ್ಕೆ ಸೇರಿಕೊಂಡಿತು.

ಮೂರನೆಯ ಕಾಲಕ್ಕೆ ಬಂದಾಗ ಗದ್ದೆ ಎದ್ದಿತು. ಕೊಯ್ದ ಪೈರೆಲ್ಲ ಒಂದೇ ಸಲ ಮತ್ತೆ ಬೆಳೆದು ನಿಂತ ಹಾಗೆ ಕೈಗಳು, ಕೈಗಳು, ಕೈಗಳು! ಕೊಂಬುಗಳು ಆಕಾಶಕ್ಕೆ ಎದ್ದವು. ತಾಳಗಳು ಬಿಸಿಲನ್ನು ಚೂರುಚೂರು ಮಾಡಿ ಎರಚಿದವು. ಬಸ್ಸ್ ಡ್ರೈವರು ಟವೆಲು ಬೀಸುತ್ತಿದ್ದ; ಕಲ್ಲಂಗಡಿಯವನು ಚಾಕು ಹಿಡಿದ ಕೈಯನ್ನೇ ಎಸೆಯುತ್ತಿದ್ದ, ಸುತ್ತಲಿನವರು ಬಗ್ಗಿ ಬಗ್ಗಿ ತಪ್ಪಿಸಿಕೊಳ್ಳುತ್ತಲೇ ತಾವೂ ಎಸೆಯುತ್ತಿದ್ದರು. ಪೊರಿಂಜು ಚೇಟ್ಟನ ಕೂಗು ಕೊಂಬಿಗಿಂತ ಮೇಲೆ ಕೇಳುತ್ತಿತ್ತು. ಭರತನ್ ಮಾಷ್ ಕನ್ನಡಕ ಕಳೆದುಕೊಂಡು, ಹುಡುಕುವುದನ್ನು ಬಿಟ್ಟು, ಎರಡೂ ಕೈ ಎತ್ತಿ ಕುಣಿಯುತ್ತಿದ್ದರು. ಅವರ ಪಕ್ಕದಲ್ಲಿ ನನ್ನ ಗಂಡ, ಎಲ್ಲ ಮರೆತು, ಮುಖವೆಲ್ಲ ಬೆವರು, ಬಿಡಿಸಿದ ಬಟ್ಟೆ ಕೊರಳಲ್ಲಿ ನೇತಾಡುತ್ತಿದೆ, ಸಾವಿರದಲ್ಲಿ ಒಬ್ಬರಾಗಿ.

ಐದನೆಯ ಕಾಲ. ಇನ್ನು ಎಣಿಕೆಯಿಲ್ಲ, ಬರಿ ಓಟ. ಆಶಾನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಬರುತ್ತೀಯಾ ಎಂದು ಕೇಳಿದ ಹಾಗೆ. ಬಂದೆ. ಎಪ್ಪತ್ತೊಂಬತ್ತರ ಕೈ, ನಲವತ್ತೊಂಬತ್ತರ ಕೈ, ಎರಡೂ ಒಂದೇ ಕುದುರೆಯ ಕಾಲುಗಳ ಹಾಗೆ ಓಡಿದವು. ಎದುರಿಗೆ ಜನರ ಮಧ್ಯೆ ಕಮಲಾಕ್ಷಿ ಚೇಚಿ ಕಂಡರು. ತಮ್ಮನನ್ನು ನೋಡುತ್ತಿರಲಿಲ್ಲ. ಕಣ್ಣು ನನ್ನ ಕೋಲಿನ ಮೇಲೆ ನೆಟ್ಟಿತ್ತು, ಬಾಯಿ ತೆರೆದಿತ್ತು, ಮುಷ್ಟಿ ಕಟ್ಟಿದ ಕೈ ಸೊಂಟದ ಹತ್ತಿರ ಸಣ್ಣಗೆ, ಯಾರಿಗೂ ಕಾಣದ ಹಾಗೆ, ತಾಳ ಹಾಕುತ್ತಿತ್ತು. ಕೊನೆಯ ಸುತ್ತಿಗೆ ಆ ಕೈ ತಡೆಯಲಾರದೆ ಮೇಲೆದ್ದುಬಿಟ್ಟಿತು.

ಕಡೆಯ ಪೆಟ್ಟು ಬಿದ್ದಾಗ ಸೂರ್ಯ ತೆಂಗಿನ ಸಾಲಿನ ಕೆಳಗೆ ಹೋಗಿದ್ದ. ಜನ ಓಡಿ ಬಂದು ಆಶಾನರನ್ನು ಎತ್ತಿದರು. ಸಹದೇವನ್ ಅವರನ್ನೂ ಬಿಡದೆ ಎತ್ತಿದರು. "ನನ್ನನ್ನಲ್ಲ, ನನ್ನನ್ನಲ್ಲ!" ಎಂದು ಅವರು ಹೆಗಲ ಮೇಲಿಂದ ಕೂಗುತ್ತಲೇ ಬದುವಿನವರೆಗೆ ಸಾಗಿದರು.

ಮರುದಿನ ಬೆಳಗ್ಗೆ ಏಳು ಗಂಟೆಗೆ ನಾನು ದೋಸೆ ಹುಯ್ಯುತ್ತಿದ್ದೆ. ಗೇಟಿನ ಸದ್ದಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಎಂಟು ಜನ ಸ್ನಾನ ಮಾಡಿ, ವೀಳ್ಯದೆಲೆ ಹಿಡಿದು ಸಾಲಾಗಿ ನಿಂತಿದ್ದಾರೆ. ಪೊರಿಂಜು ಚೇಟ್ಟನ್, ರೋಸಿಲಿ ಚೇಚಿ, ಕನ್ನಡಕವಿಲ್ಲದ ಭರತನ್ ಮಾಷ್, ಊರಿನ ಇನ್ನೂ ನಾಲ್ವರು. ಎಲ್ಲರಿಗಿಂತ ಮುಂದೆ ಕಮಲಾಕ್ಷಿ ಚೇಚಿ. ನಮ್ಮ ಮನೆಯಲ್ಲೇ ಮಲಗಿದ್ದವರು, ದಕ್ಷಿಣೆ ಹೊರಗಿನಿಂದಲೇ ತರಬೇಕೆಂದು ಹಿಂಬಾಗಿಲಿಂದ ಇಳಿದು, ಮನೆ ಸುತ್ತಿ, ಗೇಟಿನ ಹೊರಗೆ ಹೋಗಿ ಸಾಲಿನಲ್ಲಿ ನಿಂತಿದ್ದರು.

ಸಹದೇವನ್ ಹಲ್ಲುಜ್ಜುತ್ತ ಅಂಗಳದಲ್ಲಿದ್ದರು. ಪೊರಿಂಜು ಚೇಟ್ಟನ್ ಅವರ ಮುಂದೆ ಬಗ್ಗಿದರು. "ಆಶಾನೇ, ಶಿಷ್ಯೆಯನ್ನ ಹಿಂಗೆ ತಯಾರು ಮಾಡಿದೋನು ನಮ್ಮನ್ನೂ ಒಂದು ಕೈ ನೋಡಪ್ಪಾ."

ಸಹದೇವನ್ ಬಾಯಿ ಮುಕ್ಕಳಿಸಿದರು. ಈ ಸಲ ಆಕಾಶ ನೋಡಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ವಿಲೇಜ್ ಆಫೀಸಿನ ಕಿಟಕಿಯಲ್ಲಿ ಹೇಳುವ ಧಾಟಿಯಲ್ಲಿ ಹೇಳಿದರು:

"ಆಶಾನ್ ಒಳಗೆ ದೋಸೆ ಹುಯ್ಯುತಿದಾರೆ. ಜಗುಲೀಲಿ ಕೂತ್ಕೊಳ್ಳಿ. ಕಳಿಸ್ತೀನಿ."

ಮತ್ತೆ ಯಾರೂ "ಎಂಥ ವಿನಯ" ಎನ್ನಲಿಲ್ಲ. ಕಮಲಾಕ್ಷಿ ಚೇಚಿ ಎಲ್ಲರಿಗಿಂತ ಮೊದಲು ಬಂದು ಜಗುಲಿಯಲ್ಲಿ ಕಾಲು ಮಡಚಿ ಕೂತರು. "ಬೇಗ ಬರೋಕೆ ಹೇಳೋ ಕುಟ್ಟಾ, ಹತ್ತೂವರೆಗೆ ನನಗೆ ಬಸ್ಸಿದೆ. ಬಸ್ಸು ಹೋದ್ರೂ ಪರವಾಗಿಲ್ಲ ಅನ್ನು."

ಸಹದೇವನ್ ಒಳಗೆ ಬಂದು ನನ್ನ ಕೈಯಿಂದ ಸಟ್ಟುಗ ತೆಗೆದುಕೊಂಡರು. "ಹೋಗು ವಿಲಾಸಿನೀ, ಕಾಯ್ತಿದಾರೆ."

ನಾನು ಕೈ ತೊಳೆದು ಹೊರಗೆ ಬಂದೆ. ಎಂಟು ವೀಳ್ಯದೆಲೆ ತೆಗೆದುಕೊಂಡೆ. ಒಬ್ಬೊಬ್ಬರ ಮಣಿಕಟ್ಟನ್ನೂ ಹಿಡಿದು, ತಿರುಗಿಸಿ ನೋಡಿ, ಪಾಠ ಶುರು ಮಾಡಿದೆ.

"ವಿಲಾಸಿನೀ, ಇದನ್ನ ಮಗುಚೋದು ಯಾವಾಗ?" ಎಂದು ಅಡುಗೆಮನೆಯಿಂದ ಕೂಗು ಬಂತು. ಮೂರು ಸಲ ಬಂತು. ಆಮೇಲೆ ಹೊಗೆಯೂ ಬಂತು. ನಾನು ಏಳಲಿಲ್ಲ. ಪಾಠದ ನಡುವೆ ಆಶಾನ್ ಎದ್ದುಹೋಗುವ ಪದ್ಧತಿ ನಮ್ಮಲ್ಲಿಲ್ಲ.